ಅಮಲ್ದಾರನ ಜಾಕೀಟು

ಸೆಪ್ಟೆಂಬರ್ 4, 2000, ಸೋಮವಾರ

ಈ ಪುಸ್ತಕ ತೆರೆದಿರುವ ನೀನು ಯಾರೇ ಆಗಿರು, ನಾಚಿಕೆಯಾಗುವುದಿಲ್ಲವೇ? ಮುದುಕಿಯೊಬ್ಬಳು ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಬಟ್ಟೆ ಸುತ್ತಿ ಇಟ್ಟದ್ದನ್ನು ಬಿಚ್ಚಿ ಓದುವಷ್ಟು ಬಿಡುವು ಎಲ್ಲಿಂದ ಬಂತು ನಿನಗೆ? ಒಲೆಯ ಮೇಲೆ ಏನೂ ಇಟ್ಟಿಲ್ಲವೇ? ದನಕ್ಕೆ ಹುಲ್ಲು ಹಾಕಿ ಆಯಿತೇ? ರಾಮಮ್ಮ, ಪಕ್ಕದ ಮನೆಯಿಂದ ಬಂದು ಕೈ ಹಾಕಿರುವವಳು ನೀನೇ ಆಗಿದ್ದರೆ ಕೇಳು: ನಿನಗೆ ಓದು ಬರುವುದಿಲ್ಲ, ಸುಮ್ಮನೆ ಹಾಳೆ ತಿರುವಿ ಎಣ್ಣೆ ಕೈ ಹತ್ತಿಸಬೇಡ. ಇಡು ಕೆಳಗೆ.

ಇದು ಹೋದ ವರ್ಷದ ಡೈರಿ. ಗೊಬ್ಬರದಂಗಡಿಯವನು ಕೊಟ್ಟಿದ್ದು. ಇದರಲ್ಲಿ ಅಚ್ಚಾಗಿರುವ ವಾರ ಈ ವರ್ಷಕ್ಕೆ ಹೊಂದುವುದಿಲ್ಲ. ಹೊಡೆದುಹಾಕಿ ನಾನೇ ಬರೆದುಕೊಳ್ಳುತ್ತೇನೆ. ನಾಲ್ಕನೇ ಕ್ಲಾಸಿನ ತನಕ ಕಲಿತಿದ್ದೇನೆ. ಗುರುಶಾಂತಮ್ಮನ ಅಕ್ಷರ ದುಂಡಗಿದೆ ಎಂದು ಮೇಷ್ಟ್ರೇ ಹೇಳುತ್ತಿದ್ದರು. ಮನೆಯಲ್ಲಿ ಮಾತಾಡಲು ಇರುವುದು ನಾಯಿ ಒಂದೇ. ಅದು ಎದುರು ಮಾತಾಡುವುದಿಲ್ಲ. ಎದುರು ಮಾತಾಡದವರ ಜತೆ ಎಷ್ಟು ಹೊತ್ತು ಜಗಳವಾಡಲಿ? ಅದಕ್ಕೇ ಬರೆಯುತ್ತಿದ್ದೇನೆ.

ಗೌರಿ ಹಬ್ಬ ಕಳೆದು ನಾಲ್ಕು ದಿನವಾಯಿತು. ದ್ರಾಕ್ಷಾಯಣಿಯನ್ನು ಕರೆಯಲಿಲ್ಲ. ಇರುವವಳು ಒಬ್ಬಳೇ ಮಗಳು. ಹಿನ್ನೀರಿನ ಆಚೆ ದಡದಿಂದ ಒಂದು ಮೈಲಿ ನಡೆದರೆ ಅವಳ ಗಂಡ ಲೆಕ್ಕ ಬರೆಯುವ ರೈಟರ್ ಆಗಿರುವ ಕಾಫಿ ಎಸ್ಟೇಟು. ಆ ಎಸ್ಟೇಟಿನ ಸಿಲ್ವರ್ ಮರಗಳು ನಮ್ಮ ಜಗಲಿಗೆ ಕಾಣುತ್ತವೆ. ಹೋದ ವರ್ಷದ ಗೌರಿಗೂ ನಾನು ಕರೆಯಲಿಲ್ಲ, ಅವಳೂ ಬರಲಿಲ್ಲ. ಅವಳಪ್ಪ ಹೋದ ದಿನದಿಂದ, ಎರಡು ವರ್ಷ ದಾಟಿತು, ಈ ದಡಕ್ಕೆ ಕಾಲಿಟ್ಟಿಲ್ಲ. ಮಗಳು ತಾಯಿಯ ಹತ್ತಿರ ಬರಬೇಕೋ, ತಾಯಿ ಹೋಗಿ ಮಗಳ ಬಾಗಿಲು ತಟ್ಟಬೇಕೋ? ಅಷ್ಟಕ್ಕೂ ನಾನು ಹೋಗೋಣವೆಂದರೂ ಹೋಗುವ ಹಾಗಿಲ್ಲ. ನಾಯಿ ಇದೆ.

ನಾಯಿಯ ಹೆಸರು ಅಮಲ್ದಾರ. ನಮ್ಮವರು ಇಟ್ಟಿದ್ದು. ಅಣೆಕಟ್ಟೆಯ ನೀರಿಗೆ ನಮ್ಮ ಹಳೇ ಊರು ಹೋಗುವ ಮುಂಚೆ ಒಬ್ಬ ಅಮಲ್ದಾರರು ಬಂದು ಮನೆ ಮನೆ ಇಣುಕಿ, ಉಂಡು, ಏನೂ ಹೇಳದೆ ಹೊರಟುಹೋಗುತ್ತಿದ್ದರು. "ಇದೂ ಹಂಗೇ ಕಣೆ, ಮೂಸ್ತದೆ, ಉಣ್ತದೆ, ಹೋಯ್ತದೆ" ಎಂದು ನಮ್ಮವರು ಮರಿಗೆ ಆ ಹೆಸರು ಇಟ್ಟರು. ಈಗ ಹನ್ನೆರಡು ವರ್ಷದ ಮುದಿ ನಾಯಿ. ನಾನು ತೆಪ್ಪ ಹತ್ತಿದರೆ ಸಾಕು, ಹಿಂದೆಯೇ ನೀರಿಗೆ ಬೀಳುತ್ತದೆ. ಜುಲೈನಲ್ಲಿ ರೇಷನ್ನಿಗೆಂದು ಹೊರಟಾಗ ನಡುನೀರಿನ ತನಕ ಈಜಿ ಬಂದು ದಮ್ಮು ಸೋತು ಮುಳುಗಿತು. ತೆಪ್ಪದ ಚಲುವಯ್ಯ ಕಿವಿ ಹಿಡಿದು ಎಳೆದುಹಾಕಿದ. ತೆಪ್ಪ ವಾಲಿ ರಾಮಮ್ಮನ ಮೆಣಸಿನಕಾಯಿ ಚೀಲವೆಲ್ಲ ನೀರು ಕುಡಿಯಿತು. ಕಟ್ಟಿಹಾಕಿ ಹೋದರೆ ಹಗ್ಗ ಕಡಿದುಕೊಂಡು ಬರುತ್ತದೆ. ಒಳಗೆ ಕೂಡಿದರೆ ಹೆಂಚು ಹಾರಿಹೋಗುವ ಹಾಗೆ ಊಳಿಡುತ್ತದೆ. ನಮ್ಮ ದಿಬ್ಬದ ರಸ್ತೆ ನೀರೊಳಗಿದೆ, ಶಿವರಾತ್ರಿಗೆ ಮುಂಚೆ ಮೇಲೇಳುವುದಿಲ್ಲ. ಹಾಗಾಗಿ ನಾನು ಎಲ್ಲಿಗೂ ಹೋಗುವುದಿಲ್ಲ. ಇಷ್ಟೇ ವಿಷಯ.

ಸೆಪ್ಟೆಂಬರ್ 9, ಶನಿವಾರ

ಚಲುವಯ್ಯ ಮಜ್ಜಿಗೆ ಕುಡಿಯಲು ಬಂದಿದ್ದ. ಅವನ ಹೊಟ್ಟೆಯಲ್ಲಿ ಸುದ್ದಿ ನಿಲ್ಲುವುದಿಲ್ಲ.

"ಅಮ್ಮಾರೆ, ನಿಮ್ಮ ಅಳಿಯಂದ್ರು ಮಹೇಶಪ್ಪೋರು ಈ ಎಸ್ಟೇಟ್ ಬುಡ್ತಾರಂತೆ. ಹೆಗ್ಗದ್ದೆ ತಾವ ಇನ್ನೂ ದೊಡ್ಡ ಎಸ್ಟೇಟಲ್ಲಿ ರೈಟರ್ ಕೆಲ್ಸ ಸಿಕ್ಕೈತಂತೆ. ಹಣ್ಣು ಕುಯ್ಯಾಕೆ ಮುಂಚೆ ಬಂದ್ಬುಡಿ ಅಂದವ್ರಂತೆ. ದೀಪಾವಳಿ ಹೊತ್ಗೆ ಮನೆ ಖಾಲಿ."

"ಹೋಗ್ಲಿ ಬುಡು. ನಂಗೇನು."

"ಹೆಗ್ಗದ್ದೆ ಅಂದ್ರೆ ಘಟ್ಟದ ಬಾಗ್ಲು ಕಣ್ರವ್ವ. ಇಲ್ಲಿಂದ ಮೂರು ಬಸ್ಸು ಹತ್ತಿ ಇಳೀಬೇಕು. ನಿಮ್ ವಯ್ಸಿಗೆ..."

"ನನ್ ವಯಸ್ಸು ಎಷ್ಟು ಅಂತ ನಿನ್ನ ಕೇಳಿದ್ನಾ?"

ಮಜ್ಜಿಗೆ ಕುಡಿದು ಲೋಟ ಇಟ್ಟು ಹೋದ. ಅವನು ಹಿತ್ತಲ ತಡಮೆ ದಾಟುವ ಹೊತ್ತಿಗೆ ನನ್ನ ಬಾಯಿ ಅದಾಗಿಯೇ ಕೂಗಿತು.

"ಚಲುವಯ್ಯ, ಸೋಮವಾರ ನನ್ನ ಆಚೆ ದಡಕ್ಕೆ ಬುಡ್ತೀಯಾ?"

"ಬುಡ್ತೀನಿ. ಅಮಲ್ದಾರ್ರು ಏನ್ ಮಾಡ್ತಾರೆ?"

"ಅದೂ ತೆಪ್ಪದಲ್ಲೇ ನನ್ ಜತೆ ಕೂರ್ತದೆ."

"ಕೂರಾಕಿಲ್ಲ. ನಡುನೀರಲ್ಲಿ ನೆಗಿತದೆ. ದುಂಡನೆ ತೆಪ್ಪ, ಒಂದು ಕಡೆ ವಾಲಿದ್ರೆ ಮುಗೀತು, ಜನ ಹೋಯ್ತರೆ. ಪಂಚಾಯ್ತಿಯೋರು ಬ್ಯಾರೆ ಹೇಳವ್ರೆ, ತೇಲೋ ಜಾಕೀಟ್ ಇಲ್ದೆ ಒಂದ್ ಜೀವಾನೂ ಹತ್ತುಸ್ಬ್ಯಾಡ ಅಂತ."

"ನೀನು ಯಾವತ್ತು ಹಾಕ್ಕಂಡಿದ್ದೀಯೋ?"

"ನಂಗೆ ಈಜು ಬತ್ತದಲ್ಲ."

"ನಾಯಿಗೆ ಬರಲ್ವಾ?"

"ಹಂಗಾರೆ ಒಂದ್ ಕೆಲ್ಸ ಮಾಡಿ. ಅಮಲ್ದಾರ್ರಿಗೂ ಒಂದು ಜಾಕೀಟ್ ತೊಡಿಸ್ಕಂಡು ಬನ್ನಿ. ರಾಜನಂಗೆ ಕೂರಿಸ್ಕಂಡೋಯ್ತೀನಿ." ಎಂದು ಹಲ್ಲು ಕಿರಿದ.

ಆ ಹಲ್ಲು ಕಿರಿದದ್ದು ನನಗೆ ಹಿಡಿಸಲಿಲ್ಲ. ತೊಡಿಸಿಯೇ ತೋರಿಸುತ್ತೇನೆ. ಮಗಳನ್ನು ನೋಡುವುದಕ್ಕಲ್ಲ, ಇವನ ಬಾಯಿ ಮುಚ್ಚಿಸುವುದಕ್ಕೆ.

ಸೆಪ್ಟೆಂಬರ್ 10, ಭಾನುವಾರ

ಚಲುವಯ್ಯನ ಮನೆಗೆ ಹೋಗಿ ಪಂಚಾಯ್ತಿಯ ಜಾಕೀಟು ತೋರಿಸು ಎಂದೆ. ನಾಲ್ಕು ಕೊಟ್ಟಿದ್ದಾರೆ. ಕಿತ್ತಳೆ ಬಣ್ಣ, ಕಣ್ಣಿಗೆ ಹೊಡೆಯುತ್ತದೆ. ಒಂದು ಅವನ ಮಾವನ ತಲೆದಿಂಬು. ಒಂದರಲ್ಲಿ ಕೋಳಿ ಕಾವಿಗೆ ಕೂತಿದೆ. ಒಂದನ್ನು ರಾಗಿ ಹೊಲದ ಬೆದರುಬೊಂಬೆಗೆ ಹಾಕಿದ್ದಾನೆ. ಹೊಳೆಗಾಗಿ ಕೊಟ್ಟದ್ದು ಹೊಲ ಕಾಯುತ್ತಿದೆ. ನಾಲ್ಕನೆಯದು ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇತ್ತು. ಅದನ್ನು ತಂದು ಅಮಲ್ದಾರನಿಗೆ ತೊಡಿಸಿದೆ.

ಮನುಷ್ಯರ ಅಳತೆ. ಕುತ್ತಿಗೆಯ ತೂತಿನಲ್ಲಿ ಇಂಥ ಎರಡು ನಾಯಿ ಹೋಗುತ್ತವೆ. ಪಟ್ಟಿಗಳೆಲ್ಲ ನೆಲದಲ್ಲಿ ಎಳೆದಾಡಿದವು. ಮೊಣಕಾಲುದ್ದದ ನೀರಿಗೆ ಇಳಿಸಿದರೆ ಜಾಕೀಟು ಮೇಲೆ ತೇಲಿತು, ನಾಯಿ ಅದರ ಕೆಳಗಿನಿಂದ ನುಸುಳಿ ದಡಕ್ಕೆ ಬಂದು ಮೈ ಕೊಡವಿ ನನ್ನನ್ನು ನೋಡಿತು. ನಾನು ಹೊಸದಾಗಿ ಬಂದ ಸೊಸೆ, ಉಪ್ಪು ಹೆಚ್ಚು ಹಾಕಿದ್ದೇನೆ ಎನ್ನುವ ಹಾಗಿತ್ತು ಆ ನೋಟ.

ವಾಪಸು ಕೊಟ್ಟೆ. ಸರ್ಕಾರದವರು ನಾಯಿಯ ಅಳತೆ ತೆಗೆದುಕೊಂಡಿಲ್ಲ.

ಸೆಪ್ಟೆಂಬರ್ 14, ಗುರುವಾರ

ನಾವು ಚಿಕ್ಕವರಿದ್ದಾಗ ಈಜು ಕಲಿತದ್ದು ಸೋರೆ ಬುರುಡೆ ಕಟ್ಟಿಕೊಂಡೇ. ನನ್ನ ಸೊಂಟಕ್ಕೂ ನನ್ನಪ್ಪ ಕಟ್ಟಿದ್ದರು. ಇದು ನಾಲ್ಕು ದಿನದಿಂದ ನನ್ನ ತಲೆಗೆ ಬರದೆ ಎಲ್ಲಿ ಹೋಗಿತ್ತೋ. ಅಟ್ಟದ ಮೇಲೆ ಬೀಜಕ್ಕೆಂದು ಒಣಗಿಸಿದ ಎರಡು ಬುರುಡೆ ಇವೆ, ತೆಗೆದು ಧೂಳು ಹೊಡೆದೆ.

ಕಾಫಿಗೆ ಹೊಡೆಯುವ ಔಷಧಿಯ ಖಾಲಿ ಕ್ಯಾನು ಕಟ್ಟು, ಅದು ಗಟ್ಟಿ, ಎಂದು ರಾಮಮ್ಮ ಬುದ್ಧಿ ಹೇಳಲು ಬಂದಳು. ನಾಯಿ ನೆಕ್ಕಿ ಸತ್ತರೆ ನೀನು ಬಂದು ನನ್ನ ಬಾಗಿಲು ಕಾಯುತ್ತೀಯಾ ಎಂದೆ. "ಬೊಗಳೋದು ನಂಗೂ ಬತ್ತದೆ ಕಣಕ್ಕ, ನಿನ್ ತಾವ ಕಲ್ತಿದ್ದೀನಿ" ಎಂದಳು. ಇವಳ ಬಾಯಿಗೆ ಯಾವ ಬುರುಡೆ ಕಟ್ಟಲಿ.

ಸೆಪ್ಟೆಂಬರ್ 18, ಸೋಮವಾರ

ಬುರುಡೆ ಎರಡನ್ನೂ ಹೊಟ್ಟೆಯ ಕೆಳಗೆ ಕಟ್ಟಿ ಸೊಂಟದುದ್ದದ ನೀರಿಗೆ ಬಿಟ್ಟೆ. ಬಿಟ್ಟ ಗಳಿಗೆಯಲ್ಲೇ ಅಮಲ್ದಾರ ಅಂಗಾತ ಮಗುಚಿಹೋಯಿತು. ಬುರುಡೆ ಮೇಲೆ, ನಾಲ್ಕು ಕಾಲು ಆಕಾಶಕ್ಕೆ, ತಲೆ ನೀರೊಳಗೆ. ಸೀರೆಯ ಗೊಡವೆಯಿಲ್ಲದೆ ನಾನು ನುಗ್ಗಿ ತಬ್ಬಿ ಎತ್ತಿದೆ. ಒಂದು ಬುರುಡೆ ಕಲ್ಲಿಗೆ ತಗುಲಿ ಒಡೆಯಿತು. ಬಟ್ಟೆ ಒಗೆಯುತ್ತಿದ್ದ ರಾಮಮ್ಮ ಮೊದಲು ನಕ್ಕಳು. ನನ್ನ ಮುಖ ನೋಡಿ ಎದ್ದು ಬಂದು ನಾಯಿಯ ಹಿಂಗಾಲು ಹಿಡಿದಳು. ಇಬ್ಬರೂ ಸೇರಿ ದಡಕ್ಕೆ ಹಾಕಿದೆವು. ಮೂಗಿನಿಂದ ನೀರು ಬಂತು. ಬಹಳ ಹೊತ್ತು ಕೆಮ್ಮಿತು.

ಆಮೇಲೆ ಎದ್ದು ಬಂದು ನನ್ನ ಒದ್ದೆ ಸೆರಗಿನ ಮೇಲೆ ತಲೆ ಇಟ್ಟು ಮಲಗಿತು. ಕಚ್ಚಿದ್ದರೂ ಸಮಾಧಾನವಾಗುತ್ತಿತ್ತು.

ಸೆಪ್ಟೆಂಬರ್ 20, ಬುಧವಾರ

ಮಳೆ. ನಾಯಿಗೆ ಕೆಮ್ಮು. ಮೆಣಸಿನ ಕಷಾಯ ಹಾಕಿದೆ. ಆಚೆ ದಡ ಕಾಣಲಿಲ್ಲ.

ಸೆಪ್ಟೆಂಬರ್ 27, ಬುಧವಾರ, ಅಮಾವಾಸ್ಯೆ

ಹಿರಿಯರಿಗೆ ಎಡೆ ಇಟ್ಟೆ. ಕಡುಬು, ಕುಂಬಳಕಾಯಿ ಪಲ್ಯ, ಹೆಸರುಬೇಳೆ ಪಾಯಸ. ನಮ್ಮವರಿಗೆ ಪಾಯಸಕ್ಕೆ ತುಪ್ಪ ಕಾಣಿಸಬೇಕು. ಕಾಣಿಸುವ ಹಾಗೆ ಹಾಕಿದೆ. ಒಬ್ಬಳಿಗೆ ಇಷ್ಟು ಮಾಡಿ, ಎಡೆಯ ಎಲೆಯನ್ನು ನಾಯಿಗೆ ಹಾಕಿ, ಉಳಿದದ್ದನ್ನು ರಾಮಮ್ಮನಿಗೆ ಕೊಟ್ಟೆ.

ಅವರು ಹೋದದ್ದು ತೊಂಬತ್ತೆಂಟರ ಜುಲೈ. ಹೊಳೆ ತುಂಬಿ ಹಿನ್ನೀರು ಅಂಗಳದ ತನಕ ಬಂದಿತ್ತು. ಆಚೆ ದಡಕ್ಕೆ ಸುದ್ದಿ ಹೇಗೋ ಹೋಗಿ ದ್ರಾಕ್ಷಾಯಣಿ ಬಂದು ನಿಂತಿದ್ದಳು. ಇಲ್ಲಿ ಅವಳಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ ಆಗಿತ್ತು. ಸಮಾಧಿಗೆ ಗುಂಡಿಯೂ ತೆಗೆದಾಗಿತ್ತು. ಮಗಳು ಬರುವ ತನಕ ಕಾಯೋಣ ಎಂದು ಯಾರೋ ಅಂದರು. ಕಾಯಲು ಆಗುವುದಿಲ್ಲ ಎಂದೆ. ಸತ್ತವರನ್ನು ಎಷ್ಟು ಹೊತ್ತು ಇಟ್ಟುಕೊಳ್ಳುವುದು? ಮಣ್ಣು ಕೊಟ್ಟು ಬಂದೆವು. ಅವಳು ಆಚೆ ದಡದಲ್ಲೇ ನಿಂತು ನೋಡಿ, ಹೋದಳು. ಅಮಲ್ದಾರ ಅವತ್ತು ನೀರಿಗೆ ಬಿದ್ದು ಈಜಿ ಅವಳ ಹತ್ತಿರ ಹೋಯಿತು, ಮೂರನೇ ದಿನ ವಾಪಸು ಬಂತು. ಆಗ ಅದಕ್ಕೆ ಶಕ್ತಿ ಇತ್ತು.

ತಡವಾಗಿ ಬಂದವಳು ಅವಳು. ಸಿಟ್ಟೂ ಅವಳದೇ. ಇದು ಯಾವ ನ್ಯಾಯವೋ.

ಅಕ್ಟೋಬರ್ 1, ಭಾನುವಾರ

ಬಲೆ ಬೀಸುವ ಹುಚ್ಚಣ್ಣ ದಡದಲ್ಲಿ ಬಲೆ ಬಿಡಿಸುತ್ತಿದ್ದ. ಮೀನಿನ ನಾತ, ದೂರ ನಿಂತೇ ಮಾತಾಡಿಸಿದೆ. ನನ್ನ ಜಾಕೀಟಿನ ಕತೆ ಈ ದಿಬ್ಬದ ಆರು ಮನೆಗೂ ಗೊತ್ತಾಗಿದೆ, ಅವನಿಗೂ ಗೊತ್ತಿತ್ತು. ನಗಲಿಲ್ಲ. ನೀರಿನ ಮೇಲೆ ಬದುಕುವವನು, ಅವನಿಗೆ ಇದು ನಗುವ ವಿಷಯವಲ್ಲ.

"ಹೊಟ್ಟೆ ಅಡೀಕೆ ಕಟ್ಟುದ್ರೆ ಮಗುಚ್ದೆ ಇನ್ನೇನಾಯ್ತದೆ ಕಣವ್ವ? ತೇಲೋದು ಯಾವತ್ತೂ ಮೇಲುಕ್ಕೆ ಬರಾಕೆ ನೋಡ್ತದೆ. ಎಡಪಕ್ಕೆಗೆ ಒಂದು, ಬಲಪಕ್ಕೆಗೆ ಒಂದು, ಗದ್ದದ ಅಡೀಲಿ ಚಿಕ್ಕದೊಂದು. ಮೂಗು ಮೇಲಿದ್ರೆ ಜೀವ ಮೇಲಿರ್ತದೆ."

"ಏನ್ ಕಟ್ಲಿ? ಬುರುಡೆ ಒಡೆದೋಯ್ತು."

ಅವನು ಬಲೆ ತೇಲಲು ಕಟ್ಟುವ ಎರಡು ಬಗೆ ತೋರಿಸಿದ. ಒಂದು ಥರ್ಮಾಕೋಲು, ಟೀವಿ ಡಬ್ಬದೊಳಗೆ ಬರುತ್ತದಂತೆ. ಬೆಳ್ಳಗೆ ಹಗುರಾಗಿತ್ತು, ಹಿಸುಕಿದರೆ ಪುಡಿಯಾಯಿತು. ಅಮಲ್ದಾರ ಒಂದು ಚೂರು ಆಗಲೇ ಬಾಯಿಗೆ ಹಾಕಿಕೊಂಡಿತ್ತು, ಬೆರಳು ಹಾಕಿ ತೆಗೆದೆ. ಇನ್ನೊಂದು ಕತ್ತಾಳೆ ಬೆಂಡು. ಬೇಲಿಯ ಕತ್ತಾಳೆ ಹೂ ಬಿಟ್ಟು ಒಣಗಿದ ಮೇಲೆ ನಿಲ್ಲುವ ಉದ್ದ ಕಂಬ ಇದೆಯಲ್ಲ, ಅದರ ಒಳಗಿನದು. ಹಿಡಿದರೆ ಕೈಯಲ್ಲಿ ಏನೂ ಇಲ್ಲದ ಹಾಗೆ, ಒತ್ತಿದರೆ ಒಡೆಯುವುದಿಲ್ಲ. ನಾಯಿ ಮೂಸಿ ಬಿಟ್ಟಿತು. ತಿನ್ನುವಂಥದ್ದಲ್ಲ ಎಂದು ಅದಕ್ಕೂ ಗೊತ್ತಾಯಿತು. ಇದೇ ಆಗಬೇಕು.

"ಬೆನ್ನ ಮ್ಯಾಲೆ ಒಂದು ಹಿಡಿ ಇಡು ಅವ್ವ, ಚೀಲದ ಹಿಡಿಯಂಗೆ. ಬಿದ್ರೆ ಎತ್ತಾಕೆ. ಕಿವಿ ಹಿಡ್ದು ಎಳ್ಯಾದು ತಪ್ತದೆ."

ಹೆಸರಿಗೆ ಹುಚ್ಚಣ್ಣ. ಈ ದಿಬ್ಬದಲ್ಲಿ ಬುದ್ಧಿ ಇರುವವನು ಇವನೊಬ್ಬನೇ.

ಅಕ್ಟೋಬರ್ 4, ಬುಧವಾರ

ಬೆಂಡು ಸಿಕ್ಕಿತು. ಬೇಕಾಗಿದ್ದದ್ದು ಬಟ್ಟೆ. ನಮ್ಮವರ ಉಣ್ಣೆ ಕೋಟು ತೆಗೆದೆ. ಚಳಿಗಾಲದಲ್ಲಿ ಅದರ ಮೇಲೆ ನಾಯಿ ಮಲಗುತ್ತದೆ, ವಾಸನೆ ಗೊತ್ತು, ಒದರಿಕೊಳ್ಳುವುದಿಲ್ಲ ಎಂದುಕೊಂಡೆ. ಕತ್ತರಿ ಹಾಕುವ ಮುಂಚೆ ಬಕೆಟ್ಟಿನಲ್ಲಿ ಅದ್ದಿ ನೋಡಿದೆ. ಎರಡು ಕೈಯಲ್ಲಿ ಎತ್ತಲಾಗಲಿಲ್ಲ, ಅಷ್ಟು ನೀರು ಕುಡಿದಿತ್ತು. ಇಂಥದ್ದನ್ನು ತೊಡಿಸಿದ್ದರೆ ನಾನೇ ಕಲ್ಲು ಕಟ್ಟಿ ಮುಳುಗಿಸಿದ ಹಾಗಾಗುತ್ತಿತ್ತು. ಹಿಂಡಿ ಒಣಹಾಕಿದೆ. ನಾಲ್ಕು ದಿನ ಬೇಕು ಒಣಗಲು.

ಕಡೆಗೆ ಕಡ್ಡಿ ಮುರಿದ ಹಳೇ ಕೊಡೆಯ ಬಟ್ಟೆ ಬಿಚ್ಚಿದೆ. ಕಪ್ಪು, ಹಗುರ, ನೀರು ನಿಲ್ಲುವುದಿಲ್ಲ. ಚೀಲ ಹೊಲಿಯುವ ದಬ್ಬಳದಲ್ಲಿ ಹೊಲಿಗೆ. ಪಕ್ಕೆಗೆ ನಾಲ್ಕು ನಾಲ್ಕು ಜೇಬು, ಒಂದೊಂದರಲ್ಲೂ ಗೇಣುದ್ದದ ಬೆಂಡು. ಗದ್ದಕ್ಕೆ ಒಂದು ಮಡಿಕೆ. ಎದೆಗೂ ಹೊಟ್ಟೆಗೂ ಅಗಲದ ಪಟ್ಟಿ, ಅಂಗುಲ ಸಡಿಲ. ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಸರ್ಕಾರದ ಜಾಕೀಟಿನ ಹಾಗೆ ಆಗುತ್ತದೆ. ದಬ್ಬಳಕ್ಕೆ ದಾರ ಪೋಣಿಸಲು ನನಗೆ ಕಣ್ಣು ಕಾಣಲಿಲ್ಲ. ಹನ್ನೊಂದು ಸಲ ಪ್ರಯತ್ನ. ದ್ರಾಕ್ಷಾಯಣಿ, ನೀನಿದ್ದಿದ್ದರೆ ಒಂದೇ ಏಟಿಗೆ ಪೋಣಿಸಿ ಕೊಡುತ್ತಿದ್ದೆ.

ರಾಮಮ್ಮ ಬಂದು ಕೂತು ನೋಡಿದಳು.

"ಅಲ್ಲ ಗುರುಶಾಂತಕ್ಕ, ಮಗಳ ಮದ್ವೇಗೂ ನೀನು ಇಷ್ಟು ನೇರ್ಪಾಗಿ ಒಂದು ರವ್ಕೆ ಹೊಲ್ದಿರ್ಲಿಲ್ಲ."

"ಮಗಳು ನೀರಿಗೆ ಬೀಳ್ತಿರ್ಲಿಲ್ಲ."

ನೆಲಕ್ಕೆ ಬಿದ್ದ ಬೆಂಡಿನ ಚೂರು ಆರಿಸಿ ಗುಡ್ಡೆ ಹಾಕಿದಳು. ಆಮೇಲೆ ಮೆಲ್ಲಗೆ, "ಅವತ್ತು ಆಚೆ ದಡದಾಗೆ ಹೊತ್ತು ಮುಳುಗೋಗಂಟ ನಿಂತಿದ್ಲು ಕಣಕ್ಕ. ನಂಗೆ ಈಗ್ಲೂ ಕಣ್ಣಿಗೆ ಕಟ್ದಂಗೈತೆ" ಎಂದಳು.

"ನಿನ್ ಎಮ್ಮೆ ನನ್ ಆಲೂಗಡ್ಡೆ ಹೊಲಕ್ಕೆ ನುಗ್ಗೈತೆ, ಎದ್ದು ಹೋಗು" ಎಂದೆ.

ಅವಳ ಎಮ್ಮೆ ಕೊಟ್ಟಿಗೆಯಲ್ಲೇ ಇತ್ತು. ಅವಳಿಗೂ ಗೊತ್ತಿತ್ತು. ಎದ್ದು ಹೋದಳು.

ಅಕ್ಟೋಬರ್ 9, ಸೋಮವಾರ

ಗೆದ್ದೆ!

ಆಯುಧ ಪೂಜೆ ದಿನ ಚಲುವಯ್ಯ ತೆಪ್ಪಕ್ಕೆ ಹೂ ಹಾಕುವಾಗಲೇ ಅವನ ಬಾಯಿಂದ ಮಾತು ತೆಗೆದುಕೊಂಡಿದ್ದೆ. ಇವತ್ತು ಮಧ್ಯಾಹ್ನ ಉಂಡು ಎಲ್ಲರೂ ದಡಕ್ಕೆ ಬಂದರು, ಆರು ಮನೆಯವರೂ. ಅಮಲ್ದಾರನಿಗೆ ಜಾಕೀಟು ತೊಡಿಸಿ ಪಟ್ಟಿ ಬಿಗಿದೆ. ಕೊರಳಿಗೆ ಉದ್ದ ಹಗ್ಗ ಕಟ್ಟಿ ತುದಿ ನನ್ನ ಕೈಯಲ್ಲಿ. ಚಲುವಯ್ಯ ತೆಪ್ಪವನ್ನು ಹತ್ತು ಮಾರು ಒಳಗೆ ತಂದ. ಅಲ್ಲಿಂದ ನಾಯಿಯನ್ನು ನೀರಿಗೆ ಇಳಿಸಿದೆವು.

ಮುಳುಗಲಿಲ್ಲ. ಮಗುಚಲಿಲ್ಲ. ತಲೆ ನೆಟ್ಟಗೆ, ಕಿವಿ ಕೂಡ ಒದ್ದೆಯಾಗಲಿಲ್ಲ. ಕಾಲು ಆಡಿಸದೆ ಸುಮ್ಮನಿದ್ದರೂ ಮಣೆಯ ಮೇಲೆ ಕೂತ ಹಾಗೆ ತೇಲಿತು. "ಅಯ್ಯೋ ಶಿವನೆ, ಅಮಲ್ದಾರ್ರು ಜೀಪಲ್ಲಿ ಹೊಂಟಂಗೆ ಹೊಂಟವ್ರೆ" ಎಂದು ರಾಮಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಎಷ್ಟು ದಿನವಾಗಿತ್ತೋ.

ನಡುವೆ ಚಲುವಯ್ಯ ಹುಟ್ಟು ಹಿಡಿದು ಚಡಪಡಿಸಿದ. "ಅಮ್ಮಾರೆ, ಆಚೆ ದಡದಾಗೆ ಯಾರೋ ಕೊಡೆ ಎತ್ತಿ ಕರೀತಾವ್ರೆ. ಹೋಗ್ಬುಟ್ಟು ಬತ್ತೀನಿ." ನನ್ನ ಕಣ್ಣಿಗೆ ಅಷ್ಟು ದೂರ ಕಾಣುವುದಿಲ್ಲ. "ಕಾಯ್ಲಿ ಬುಡು, ನೀರಿನ ದಾರಿ ಅಂದ್ಮೇಲೆ ಕಾಯೋದು ಇದ್ದದ್ದೇ. ಇದು ಮುಗೀಲಿ" ಎಂದೆ. ಅದೇ ಹೊತ್ತಿಗೆ ಈ ನಾಯಿಗೂ ಏನು ಬಂತೋ, ಆಚೆ ದಡದ ಕಡೆ ಮೂತಿ ಮಾಡಿ ಒಂದೇ ಸಮ ಈಜಲು ಶುರು ಮಾಡಿತು. ಹಗ್ಗ ಕೈ ಕೊಯ್ಯುವ ಹಾಗೆ ಎಳೆಯಿತು. ಮುದಿ ನಾಯಿಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಬೈದು ಎಳೆದು ದಡಕ್ಕೆ ತಂದೆ. ದಡಕ್ಕೆ ಬಂದ ಮೇಲೂ ಆ ಕಡೆ ನೋಡಿ ಕುಂಯ್‌ಗುಡುತ್ತಿತ್ತು. ಇನ್ನೂ ಎರಡು ಸಲ ಇಳಿಸಿ ನೋಡಿದೆ. ಸೈ. ಚಲುವಯ್ಯನ ಹಲ್ಲು ಒಳಗೆ ಹೋಯಿತು. "ಶುಕ್ರವಾರ ಬೆಳಗ್ಗೆ ಬುಡ್ತೀನಿ, ಮಾತಂದ್ರೆ ಮಾತು" ಎಂದ. ಎಲ್ಲ ಮುಗಿದು ಅವನು ಆ ಕಡೆ ಹೋಗುವ ಹೊತ್ತಿಗೆ ಕರೆದವರು ಇರಲಿಲ್ಲವಂತೆ.

ದೀಪಾವಳಿಗೆ ಇನ್ನೂ ಎರಡು ವಾರ ಇದೆ. ಸಮಯ ಬೇಕಾದಷ್ಟಿದೆ.

ಅಕ್ಟೋಬರ್ 12, ಗುರುವಾರ

ಹುಚ್ಚೆಳ್ಳು ಪುಡಿ, ಅವಳಿಗೆ ಇಷ್ಟ. ಮೊಮ್ಮಗಳು ಮಾನಸಾಗೆ ತಂಬಿಟ್ಟು. ನಮ್ಮವರ ಒಂದು ಪಂಚೆ, ಮಡಿಸಿದ್ದು. ಮಣ್ಣಿನ ದಿನ ಅವರು ಉಟ್ಟದ್ದಲ್ಲ, ಅದರ ಹಿಂದಿನ ದಿನ ಉಟ್ಟದ್ದು. ಅವಳಿಗೆ ಕೊಡಬೇಕೆಂದು ಎರಡು ವರ್ಷದಿಂದ ಇಟ್ಟಿದ್ದೇನೆಂದು ನನಗೇ ಗೊತ್ತಿರಲಿಲ್ಲ, ಕೈ ಹಾಕಿದರೆ ಸಿಕ್ಕಿತು.

ಏನು ಮಾತಾಡುವುದು? ಮೊದಲು ಬೈದು ಬಿಡುತ್ತೇನೆ. ಬೈದರೆ ಮಿಕ್ಕ ಮಾತು ತಾನಾಗಿ ಬರುತ್ತದೆ.

ಅಕ್ಟೋಬರ್ 13, ಶುಕ್ರವಾರ

ಹೋಗಿಬಂದೆ.

ಅಮಲ್ದಾರ ತೆಪ್ಪದ ನಡುವೆ ಜಾಕೀಟು ತೊಟ್ಟು ಕೂತದ್ದು ಆಚೆ ದಡ ಮುಟ್ಟುವ ತನಕ ಅಲ್ಲಾಡಲಿಲ್ಲ. ನಾನು ಜತೆಯಲ್ಲೇ ಕೂತಿದ್ದೆನಲ್ಲ, ಅದೇಕೆ ನೆಗೆಯುತ್ತದೆ? ಇಳಿದ ಮೇಲೆ ನೋಡಿದರೆ ನನ್ನ ಎರಡು ಅಂಗೈಯಲ್ಲೂ ತೆಪ್ಪದ ಅಂಚಿನ ಬಿದಿರು ಕೆಂಪಗೆ ಅಚ್ಚು ಒತ್ತಿತ್ತು. ಅಷ್ಟು ಬಿಗಿ ಹಿಡಿದಿದ್ದೇನೆಂದು ಗೊತ್ತಾಗಲಿಲ್ಲ.

ಎಸ್ಟೇಟಿನ ಲೈನುಮನೆಗಳ ಸಾಲಿನಲ್ಲಿ ಕೊನೆಯ ಮನೆ. ಬೀಗ. ಕಿಟಕಿಯಿಂದ ನೋಡಿದರೆ ಒಳಗೆ ಗೋಡೆಯಲ್ಲಿ ಮೊಳೆ, ನೆಲದಲ್ಲಿ ಹರಿದ ಕ್ಯಾಲೆಂಡರ್. ಪಕ್ಕದ ಮನೆಯಿಂದ ನಾಗರತ್ನಮ್ಮ ಎಂಬುವವರು ಕೈ ಒರೆಸಿಕೊಳ್ಳುತ್ತ ಬಂದರು.

"ಯಾರ್ ಬೇಕಿತ್ತಮ್ಮ? ರೈಟರ್ ಮನೆಯೋರು ಮಂಗಳ್ವಾರವೇ ಹೋಗ್ಬುಟ್ರಲ್ಲ. ದೀಪಾವಳಿಗೆ ಅಂತಿದ್ರು, ಹೆಗ್ಗದ್ದೆ ಎಸ್ಟೇಟಿನ ಲಾರಿ ಈ ಕಡೆ ಬಂದಿತ್ತು, ಅದ್ರಲ್ಲೇ ಸಾಮಾನು ತುಂಬ್ಕಂಡು..." ಎಂದು ನನ್ನ ಮುಖ ನೋಡಿದರು. ನಾಯಿ ನೋಡಿದರು. ಅದರ ಜಾಕೀಟು ನೋಡಿದರು. ದನಿ ಇಳಿಯಿತು.

"ನೀವು ದ್ರಾಕ್ಷಾಯಣಮ್ಮನ ತಾಯಾ?"

ಹೌದೆಂದೆ. ಕೂರಿಸಿ ಕಾಫಿ ಕೊಟ್ಟರು. ಕಾಫಿ ಕೈಯಲ್ಲಿಟ್ಟುಕೊಂಡು ನಾನೇ ಕೇಳಿದೆ, ಹೋಗುವಾಗ ಏನಾದರೂ ಹೇಳಿದಳಾ ಎಂದು.

"ಸೋಮವಾರ ದಡಕ್ಕೆ ಬಂದಿದ್ರು ಅಮ್ಮ. ನಾನೂ ಜತೆಗೋಗಿದ್ದೆ. ಅವ್ವಂಗೆ ಒಂದ್ ಮಾತು ಹೇಳಿ ಬಂದ್ಬುಡ್ತೀನಿ ಅಂದ್ರು. ಕೊಡೆ ಎತ್ತಿ ಎತ್ತಿ ಕರುದ್ವಿ. ತೆಪ್ಪ ನಿಮ್ ಕಡೆಯೇ ನಿಂತಿತ್ತು, ಜನ ಇದ್ರು. ನಗಾಡೋದು ಈ ದಡದ ಗಂಟ ಕೇಳುಸ್ತಿತ್ತು. ನಾಯಿಗೆ ಏನೋ ಕಟ್ಟಿ ಆಡ್ಸ್ತಿದ್ರು. 'ಅಮಲ್ದಾರ ಅಲ್ವಾ ಅದು' ಅಂದ್ರು. ಆಮೇಲೆ ಕೊಡೆ ಇಳಿಸ್ಬುಟ್ರು. ಬಹಳ ಹೊತ್ತು ನಿಂತಿದ್ರು. ಕೊನೆಗೆ ನಾನೇ ಕೈ ಹಿಡ್ದು ಕರ್ಕಂಡ್ಬಂದೆ."

ಕಾಫಿ ಕುಡಿದೆನೋ ಇಲ್ಲವೋ ನೆನಪಿಲ್ಲ. ಹೆಗ್ಗದ್ದೆಯ ಎಸ್ಟೇಟಿನ ವಿಳಾಸ ಬರೆದಿಟ್ಟು ಹೋಗಿದ್ದಾರೆ, ಕಾಗದ ಬಂದರೆ ಕಳಿಸಲು. ಅದನ್ನು ಈ ಪುಸ್ತಕದ ಹಿಂದೆ ಬರೆದುಕೊಂಡೆ. ಅಕ್ಷರ ದುಂಡಗೆ ಬರಲಿಲ್ಲ. ಹುಚ್ಚೆಳ್ಳು ಪುಡಿ ನಾಗರತ್ನಮ್ಮನಿಗೆ ಕೊಟ್ಟೆ. ಪಂಚೆ ವಾಪಸು ತಂದೆ.

ನಾಯಿಗೆ ಗೊತ್ತಾಗಿತ್ತು. ಹಗ್ಗ ಎಳೆದವಳು ನಾನು.

ಅಕ್ಟೋಬರ್ 15, ಭಾನುವಾರ

ರಾಮಮ್ಮ ಎರಡು ಸಲ ಬಂದಳು. ಬಾಗಿಲು ತೆಗೆಯಲಿಲ್ಲ.

ಅಕ್ಟೋಬರ್ 16, ಸೋಮವಾರ

ಅವಳು ಮೂರನೇ ಸಲ ಬಂದು, ಹೊರಗಿನಿಂದಲೇ, "ಉಣ್ಣದೆ ಸತ್ರೆ ನಾನು ಯಾರ್ ಜತೆ ಜಗಳಾಡ್ಲಿ, ತಗಿ ಬಾಗ್ಲ" ಎಂದಳು. ತೆಗೆದೆ. ಮುದ್ದೆ ತಂದಿದ್ದಳು. ಉಂಡೆ.

ಅಕ್ಟೋಬರ್ 19, ಗುರುವಾರ

ದ್ರಾಕ್ಷಾಯಣಿ, ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಓದು. ಅಂಚೆ ಕಾಗದ ತರಲು ಆಚೆ ದಡಕ್ಕೆ ಹೋಗಬೇಕು, ಅಷ್ಟರಲ್ಲಿ ನನ್ನ ಮನಸ್ಸು ತಿರುಗಿಬಿಡುತ್ತದೆ. ಆದ್ದರಿಂದ ಡೈರಿಯಲ್ಲೇ ಬರೆದು ಹಾಳೆ ಹರಿದು ಚಲುವಯ್ಯನ ಕೈಯಲ್ಲಿ ಕೊಡುತ್ತೇನೆ.

ನೀನು ದಡಕ್ಕೆ ಬಂದ ಸೋಮವಾರ ತೆಪ್ಪ ಹಿಡಿದು ನಿಲ್ಲಿಸಿಕೊಂಡವಳು ನಾನೇ. ನೀನೆಂದು ತಿಳಿದಿರಲಿಲ್ಲ. ತಿಳಿಯದೆ ಮಾಡಿದ್ದಕ್ಕೆ ನೀನು ಏನು ಬೈದರೂ ಬೈಸಿಕೊಳ್ಳುತ್ತೇನೆ. ಆದರೆ ಅಪ್ಪನ ದಿನ ನಾನು ತಿಳಿದೇ ಮಾಡಿದೆ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ, ಈ ಪುಸ್ತಕದಲ್ಲೂ ಬೇರೆ ಥರ ಬರೆದಿದ್ದೇನೆ.

ಅವತ್ತು ಚಲುವಯ್ಯ ಬಂದು ನನ್ನ ಮುಂದೆ ನಿಂತು, "ಹೋಗಿ ಕರ್ಕಂಡ್ ಬರ್ಲಾ ಅಮ್ಮಾರೆ, ಹೂಂ ಅನ್ನಿ" ಎಂದ. ನಾನು ಹೊರಗೆ ಬಂದು ನೀರು ನೋಡಿದೆ. ನಿನಗೂ ಕಂಡಿರುತ್ತದೆ ಆ ನೀರು. ಕೆಂಪಗೆ, ಬೇರು ಸಮೇತ ಮರಗಳು ಬರುತ್ತಿದ್ದವು. ಒಳಗೆ ನಿನ್ನಪ್ಪ ಗೋಡೆಗೆ ಒರಗಿ ಕೂತಿದ್ದರು. ಇರುವ ಒಬ್ಬ ಮಗಳನ್ನು ಆ ತೆಪ್ಪದಲ್ಲಿ ಕೂರಿಸಿ ಆ ನೀರಿಗೆ ಬಿಡಲು ನನಗೆ ಧೈರ್ಯ ಬರಲಿಲ್ಲ. ನಾಲ್ಕು ಜನರ ಮುಂದೆ ಹೆದರಿದೆ ಎನ್ನಲು ನಾಲಿಗೆ ಏಳಲಿಲ್ಲ. ಕಾಯಲು ಆಗುವುದಿಲ್ಲ, ಮಣ್ಣು ಮಾಡಿ ಎಂದುಬಿಟ್ಟೆ. ಕಾಯಬಹುದಾಗಿತ್ತು. ಮಾರನೇ ದಿನ ನೀರು ಇಳಿಯಿತು. ಒಂದು ದಿನ ಇಟ್ಟುಕೊಂಡಿದ್ದರೆ ನೀನು ನಿಮ್ಮಪ್ಪನ ಮುಖ ನೋಡುತ್ತಿದ್ದೆ. ಅದು ನನ್ನಿಂದ ತಪ್ಪಿತು.

ಹೆದರಿದೆ ಎನ್ನುವ ಮಾತು ನನ್ನ ಬಾಯಲ್ಲಿ ನೀನು ಯಾವತ್ತೂ ಕೇಳಿಲ್ಲ. ಇಲ್ಲಿ ಬರೆದಿದ್ದೇನೆ, ಬೇಕಾದರೆ ಎರಡು ಸಲ ಓದಿಕೋ. ಕ್ಷಮಿಸು ಎಂದು ಬರೆಯಲು ಹೋದೆ, ನನ್ನ ಕೈಯಲ್ಲಿ ಅದು ನಾಟಕದ ಮಾತಿನ ಹಾಗೆ ಕಾಣಿಸಿತು, ಹೊಡೆದುಹಾಕಿದೆ. ಮೇಲೆ ಗೀಚಿರುವುದು ಅದೇ.

ಈಗ ನಾನು ಕೇಳುವುದಕ್ಕೆ ಸರಿಯಾಗಿ ಉತ್ತರ ಬರಿ. ಹೆಗ್ಗದ್ದೆಗೆ ಸಕಲೇಶಪುರದಿಂದ ಬಸ್ಸು ಎಷ್ಟು ಹೊತ್ತಿಗೆ? ಕಂಡಕ್ಟರ್ ನಾಯಿ ಹತ್ತಿಸುತ್ತಾನೋ ಇಲ್ಲವೋ? ನಿನ್ನ ಮನೆಗೆ ಹೋಗುವ ದಾರಿಯಲ್ಲಿ ಹಳ್ಳ ದಾಟಬೇಕೇ, ದಾಟಬೇಕಾದರೆ ಅದರ ನೀರು ಎಷ್ಟುದ್ದ? ಮಾನಸಾ ಬೆಳೆದಿದ್ದಾಳೆ, ತಂಬಿಟ್ಟು ಇನ್ನೂ ತಿನ್ನುತ್ತಾಳೋ? ಅಲ್ಲಿ ಚಳಿ ಜಾಸ್ತಿ, ಎದೆಗೆ ಬಟ್ಟೆ ಕಟ್ಟಿಕೊಳ್ಳದೆ ಬೆಳಗ್ಗೆ ಹೊರಗೆ ಬರಬೇಡ. ಮದುವೆಯಾಗಿ ಹದಿನೈದು ವರ್ಷವಾದರೂ ನಿನಗೆ ಇದನ್ನು ಹೇಳಿಕೊಡಬೇಕು.

ಬಾ ಅಂತ ಬರಿ. ಇಲ್ಲ, ಬರಬೇಡ ಅಂತ ಬರಿ. ಯಾವುದಾದರೂ ಸರಿ, ಅಳಿಯಂದಿರ ಕೈಯಲ್ಲಿ ಬರೆಸಬೇಡ, ನಿನ್ನ ಅಕ್ಷರದಲ್ಲೇ ಬರಬೇಕು. ಇನ್ನು ಹನ್ನೆರಡು ದಿನ ಇದೆ. ನವೆಂಬರ್ ಹುಟ್ಟುವುದರೊಳಗೆ ಉತ್ತರ ನನ್ನ ಕೈ ಸೇರಬೇಕು, ತಿಳಿಯಿತೇ?